ಹಿಟ್ಟು ಬಡಿಯುವ ಹೊತ್ತು

ಈ ಕಥೆಯನ್ನು ಮೊದಲು ಹೇಳಿದವಳು ಧೂದಿ, ಹರ್ಗೇಸಾದ ಒಣನದಿಯ ಉತ್ತರ ದಡದಲ್ಲಿ ಒಂಟೆಯ ಹಾಲು ಮಾರುವವಳು. ಯುದ್ಧ ಮುಗಿದು, ಗಡಿಯಾಚೆಯ ನಿರಾಶ್ರಿತರ ಡೇರೆಗಳಿಂದ ಜನ ಊರಿಗೆ ಮರಳತೊಡಗಿ ಕೆಲವು ವರ್ಷಗಳಾಗಿದ್ದವು. ಗೋಡೆಗಳಿಗೆ ಇನ್ನೂ ಸೂರು ಬಂದಿರಲಿಲ್ಲ. ಇಳಿಹಗಲಿನ ಅಸರ್ ನಮಾಜು ಮುಗಿದ ಮೇಲೆ, ಹಾಲಿನ ಪಾತ್ರೆಗಳು ಬರಿದಾದ ಹೊತ್ತಿನಲ್ಲಿ ಅವಳು ಹೇಳಿದಳು. ಇದೇ ಕಥೆ ಆಮೇಲೆ ಬೇರೆಯವರ ಬಾಯಲ್ಲೂ ನನಗೆ ಸಿಕ್ಕಿದೆ. ಹಲ್ವಾ ಮಾರುವವರ ಪಾಠದಲ್ಲಿ ಕಥೆಯ ಹೆಂಗಸು ಕಲ್ತೂನ್ ಕೊನೆಗೆ ಅಳುತ್ತಾಳೆ. ಮಸೀದಿಯ ಕಡೆಯವರ ಪಾಠದಲ್ಲಿ ಹಿರಿಯರು ಎಲ್ಲವನ್ನೂ ಮೊದಲೇ ಬಲ್ಲವರಾಗಿರುತ್ತಾರೆ. ಧೂದಿ ಎರಡನ್ನೂ ಒಪ್ಪುವುದಿಲ್ಲ. ಆ ದಿನ ಅವಳು ಕಲ್ತೂನಳ ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು, ಮನಸ್ಸಿನೊಳಗೆ ನಡೆದದ್ದನ್ನು ಕಲ್ತೂನ್ ಆಮೇಲೆ ತಾನಾಗಿಯೇ ಅವಳಿಗೆ ಹೇಳಿದ್ದಳು. ಆದ್ದರಿಂದ ಧೂದಿಯ ಪಾಠವನ್ನೇ ಇಲ್ಲಿ ಹಿಡಿದಿದ್ದೇನೆ.

ಆ ಮಧ್ಯಾಹ್ನ ಕಲ್ತೂನ್ ಚಹದ ಫ್ಲಾಸ್ಕನ್ನು ಕಂಕುಳಲ್ಲಿ ಅವುಚಿಕೊಂಡು ಓಣಿ ಇಳಿಯುತ್ತಿದ್ದಳು. ಓಣಿಯೆಂದು ಕರೆಯುವುದು ಅಭ್ಯಾಸಬಲ. ಊರಿನದೇ ವಿಮಾನ ನಿಲ್ದಾಣದಿಂದ ಮೇಲೆದ್ದ ವಿಮಾನಗಳು ಊರಿನ ಮೇಲೆಯೇ ಬಾಂಬು ಸುರಿದು, ಮತ್ತೆ ಅಲ್ಲಿಗೇ ಹೋಗಿ ತುಂಬಿಕೊಂಡು ಬಂದಿದ್ದವು. ಆ ಮೇಲೆ ಇಲ್ಲಿ ಎಡಬಲಗಳೇ ಉಳಿದಿರಲಿಲ್ಲ. ಆಡುಗಳು ಒಬ್ಬರ ಅಡುಗೆಮನೆಯಿಂದ ಇನ್ನೊಬ್ಬರ ಮಲಗುವ ಕೋಣೆಗೆ ನೇರವಾಗಿ ನಡೆದುಹೋಗುತ್ತಿದ್ದವು. ಅವಳ ಕಣ್ಣು ಮಾತ್ರ ಒಂದೇ ಕಡೆಗಿತ್ತು: ಓಣಿಯ ಮೇಲ್ತುದಿಯಲ್ಲಿ ಉಳಿದ ಒಂದು ಹಸಿರು ಬಣ್ಣದ ಹೊಸ್ತಿಲಕಲ್ಲು. ಚಿಕ್ಕವಳಿದ್ದಾಗ ಅದರ ಮೇಲೆ ಕೂತು ಅವಳು ಎಷ್ಟೋ ಬೆಳಗು ತಿಂಡಿ ತಿಂದು ಬೆರಳು ನೆಕ್ಕಿದ್ದಳು. ಈಗ ಆ ಹೊಸ್ತಿಲ ಹಿಂದೆ ಗುಲೇದ್ ಎಂಬವನು ತಗಡು, ಚಿಂದಿಬಟ್ಟೆ, ಬಾಗಿದ ಕೊಂಬೆಗಳಿಂದ ಗುಡಿಸಲು ಕಟ್ಟಿಕೊಂಡಿದ್ದ. ಅವನು ಬೇರೆ ಊರಿನವನು, ಅವನ ಊರೂ ಉಳಿದಿರಲಿಲ್ಲ. ಗುಡಿಸಲ ಪಕ್ಕದಲ್ಲಿ ಬಾಂಬು ತೋಡಿದ ದೊಡ್ಡ ಗುಂಡಿ. ಮಳೆ ಬಂದಾಗ ತುಂಬಿ ಓಣಿಯ ಆಡುಗಳಿಗೆಲ್ಲ ನೀರಾಗುತ್ತಿತ್ತು. ಇವತ್ತು ಹಿರಿಯರು ಮರದ ಕೆಳಗೆ ಕೂತು ಆ ಹೊಸ್ತಿಲು ಯಾರದೆಂದು ತೀರ್ಮಾನಿಸುವವರಿದ್ದರು. ತನ್ನದೆಂದಾದರೆ ಗುಲೇದ್ ಗುಡಿಸಲು ಕೀಳಬೇಕು. ಅಲ್ಲವೆಂದಾದರೆ ಅವಳು ಚಿಕ್ಕಪ್ಪನ ಒಂದೇ ಕೋಣೆಯ ಮನೆಯಲ್ಲಿ, ಚಿಕ್ಕಮ್ಮ ಮಡಕೆಯ ಮುಚ್ಚಳ ಸರಿಸುವ ಸದ್ದಿಗೆಲ್ಲ ಮೈ ಹಿಡಿಮಾಡಿಕೊಂಡು ಬದುಕಬೇಕು. ಆದರೆ ಅವಳನ್ನು ಕೊರೆಯುತ್ತಿದ್ದುದು ನೆಲಕ್ಕಿಂತ ಬೇರೆಯದು. ಗಡಿಯಾಚೆಯ ಜಿಗ್ಜಿಗಾದಲ್ಲಿ ಚಹ ಮಾರಿಕೊಂಡಿದ್ದಾಗ ಎಲ್ಲರೂ ಅವಳನ್ನು ಹರ್ಗೇಸಾದವಳು ಎಂದೇ ಕರೆದರು. ಇಲ್ಲಿಗೆ ಬಂದ ಮೇಲೆ ಜಿಗ್ಜಿಗಾದವಳಾದಳು. ಓಣಿ ಅವಳನ್ನು ತನ್ನವಳೆನ್ನದಿದ್ದರೆ, ತಾನು ಎಲ್ಲಿಯವಳೆಂದು ಯಾರನ್ನು ಕೇಳುವುದು?

ಕೇಳಬಹುದಾಗಿದ್ದ ತಾಯಿ ಡೇರೆಗಳ ಊರಿನಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ತಂದೆ ಹಡಗಿನ ಕೆಲಸಕ್ಕೆಂದು ಏಡನ್ನಿಗೆ ಹೋದವನು ಅವಳ ನೆನಪಿಗೆ ಮುಖವನ್ನೂ ಬಿಟ್ಟಿರಲಿಲ್ಲ. ಚಿಕ್ಕಪ್ಪ ಹಿರ್ಸಿ ಒಂಟೆಗಳ ಹಿಂದೆ ಬಯಲಿನಲ್ಲಿ ಬೆಳೆದವನು. ಯುದ್ಧಕ್ಕೆ ಮುಂಚೆ ಅಪರೂಪಕ್ಕೆ ಊರಿನ ಮನೆಗೆ ಬಂದರೆ ಗೋಡೆಗಳು ಉಸಿರು ಕಟ್ಟಿಸುತ್ತವೆಂದು ಹೊರಗೇ ಮಲಗುತ್ತಿದ್ದನಂತೆ. ಮೇಲ್ತುದಿಯ ಮನೆಗಳವರಲ್ಲಿ ಬದುಕಿ ಮರಳಿದವರು ಅವಳ ಹೊರತು ಯಾರೂ ಇರಲಿಲ್ಲ. ಕೆಳತುದಿಯವರಿಗೆ ಅಲ್ಲಿ ಇಬಾದೊ ಎಂಬವಳು ಮತ್ತು ಕಲ್ತೂನಳ ತಾಯಿ, ಒಂದೇ ಗೋಡೆಯ ಈಚೆಗೆ ಒಬ್ಬಳು ಆಚೆಗೆ ಒಬ್ಬಳು, ಇದ್ದದ್ದೇನೋ ನೆನಪಿತ್ತು. ಆದರೆ ಆ ಇಬ್ಬರೂ ಹಗಲೆಲ್ಲ ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಇರುತ್ತಿದ್ದುದರಿಂದ ಯಾವ ಕಡೆ ಯಾರದೆಂದು ಹೇಳಲು ಯಾರಿಗೂ ಆಗಿರಲಿಲ್ಲ. ಈ ಹೆಂಗಸು ನಿಜವಾಗಿ ಆ ತಾಯಿಯ ಮಗಳೇ ಎಂದೂ ಕೆಲವರು ಅನುಮಾನಪಟ್ಟಿದ್ದರು. ಹಾಗೆಂದು ಬಂದು ನೆಲ ಹಿಡಿದವರು ಆ ವರ್ಷ ಊರಲ್ಲಿ ಬಹಳ ಮಂದಿಯಿದ್ದರು.

ಮರದ ಕೆಳಗೆ ಗಂಡಸರು ಚಾಪೆಯ ಮೇಲೂ ಹೆಂಗಸರು ಸ್ವಲ್ಪ ದೂರದಲ್ಲಿ ಕಲ್ಲುಗಳ ಮೇಲೂ ಕೂತಿದ್ದರು. ಹಿರಿಯರಲ್ಲಿ ಮುಖ್ಯನಾದವನು ಸಮತರ್, ಊರೆಲ್ಲ ಕರೆಯುವುದು ಉದ್ದಕಿವಿಯ ಸಮತರ್ ಎಂದು. ಅವನೂ ಆ ಹೆಸರಿಗೇ ಓಗೊಡುತ್ತಿದ್ದ. ಕಲ್ತೂನ್ ಸುರಿದ ಚಹವನ್ನು ಅವನು ಕುಡಿದು, ಪಕ್ಕದವನ ಕಡೆ ತಿರುಗಿ, ಜಿಗ್ಜಿಗಾದಲ್ಲಿ ಏಲಕ್ಕಿಗೆ ಬರ ಬಂದಿದೆಯೇನೋ ಎಂದ. ನಾಲ್ಕು ಜನ ನಕ್ಕರು. ಅವಳ ಕಿವಿ ಬಿಸಿಯಾಯಿತು. ಪದ್ಧತಿಯಂತೆ ಅವಳ ಪರವಾಗಿ ಹಿರ್ಸಿ ಮಾತಾಡಿದ. ಒಂಟೆಯ ವ್ಯಾಜ್ಯ ಹೂಡುವವನಂತೆ ಅಜ್ಜ ಮುತ್ತಜ್ಜರಿಂದ ಶುರುಮಾಡಿ, ಬಾವಿಯೊಂದರ ಜಗಳಕ್ಕೆ ಬಂದು, ಅಲ್ಲೇ ದಾರಿ ತಪ್ಪಿದ. ಗುಲೇದ್ ಎದ್ದು, ತನಗೆ ಯಾರ ನೆಲವೂ ಬೇಡ, ಆದರೆ ನಿಜವಾದ ಒಡತಿಗಾದರೆ ಮಾತ್ರ ಬಿಟ್ಟುಕೊಡುತ್ತೇನೆ ಎಂದು ಮೆಲ್ಲಗೆ ಹೇಳಿ ಕೂತ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. ಆಗ ಸಮತರ್ ಅವಳನ್ನೇ ನೇರವಾಗಿ ಕೇಳಿದ. ಮನೆಯಿಂದ ಮಸೀದಿಗೆ ಎಷ್ಟು ದೂರ? ಬಾಗಿಲು ಯಾವ ದಿಕ್ಕಿಗೆ? ಗೋಡೆ ಕಲ್ಲಿನದೋ ಮಣ್ಣಿನದೋ? ಅವಳಿಗೆ ತಿಳಿದಿರಲಿಲ್ಲ. ಗೋಡೆ ತುಂಬ ಎತ್ತರವಿತ್ತು ಎಂದಳು. ಆಗ ನಿನಗೆ ಆಡೂ ಎತ್ತರವೇ ಎಂದು ಯಾರೋ ಅಂದರು, ಮತ್ತೆ ನಗು.

ಅವಳಿಗೆ ತಿಳಿದಿದ್ದುದು ಬೇರೆಯದು, ಅದನ್ನು ಹಿರಿಯರ ಮುಂದೆ ಹೇಳಲು ನಾಚಿಕೆ. ಇಷ್ಟು ಜನ ಸತ್ತ ಊರಿನಿಂದ ಒಬ್ಬಳು ತಂದಿಟ್ಟುಕೊಂಡದ್ದೆಲ್ಲ ಬರೀ ಸಂತೋಷ ಎಂದರೆ ಕೇಳುವವರು ಏನೆಂದುಕೊಂಡಾರು? ಡೇರೆಗಳ ಊರಿನಲ್ಲಿ ಬೇರೆ ಮಕ್ಕಳು ನಿದ್ದೆಯಲ್ಲಿ ಕಿರುಚುತ್ತಿದ್ದಾಗ ಇವಳು ನಗುತ್ತಿದ್ದಳಂತೆ. ಅದನ್ನು ಕೇಳಿದಂದಿನಿಂದ ಅವಳಿಗೆ ತನ್ನ ಮೇಲೆಯೇ ಒಂದು ಗುಮಾನಿ. ಈಗಲೂ ಕಣ್ಣು ನೆಲಕ್ಕೆ ನೆಟ್ಟರೆ ನೆಲ ಒಣನದಿಯಾಗುತ್ತಿತ್ತು. ಎಲ್ಲೋ ಮೇಲೆ ಬೆಟ್ಟದಲ್ಲಿ ಮಳೆಯಾಗಿದೆ, ಇಲ್ಲಿ ಆಕಾಶ ನಿಚ್ಚಳ, ಆದರೆ ಮರಳಿಗೆ ಕಿವಿಯಿಟ್ಟ ಮಕ್ಕಳಿಗೆ ಗೊತ್ತು. ಬಂತು ಬಂತು ಎಂದು ಕೂಗಿ ಅವರು ಓಡುತ್ತಾರೆ, ಹಿಂದೆಯೇ ಕಂದು ನೊರೆಯ ನೀರು ಚಪ್ಪಲಿಗಳನ್ನೂ ಕುಂಬಳಕಾಯಿಗಳನ್ನೂ ಯಾರದೋ ಮಂಚವನ್ನೂ ಹೊತ್ತುಕೊಂಡು ಬರುತ್ತದೆ. ನೀರಿಗಿಂತ ಮುಂದೆ ಇದ್ದವರು ಗೆದ್ದ ಹಾಗೆ, ಅವಳು ಯಾವಾಗಲೂ ಸೋತು ಮೊಣಕಾಲವರೆಗೆ ಒದ್ದೆಯಾಗಿ ನಕ್ಕು ನಕ್ಕು ದಡ ಹತ್ತುತ್ತಾಳೆ. ಹಲ್ವಾ ಕಾಯಿಸುವವನು ತಾಮ್ರದ ಕೊಪ್ಪರಿಗೆಯನ್ನು ಓರೆಮಾಡಿ ಹಿಡಿದು ತಳ ಕೆರೆದುಕೊಳ್ಳಿ ಎನ್ನುತ್ತಾನೆ. ತುಪ್ಪ, ಜಾಯಿಕಾಯಿ, ಸುಟ್ಟ ಸಕ್ಕರೆಯ ಘಮ; ಒಳಗೆ ತಲೆಹಾಕಿ ಕೂಗಿದರೆ ತನ್ನ ಧ್ವನಿ ಮುದುಕಿಯೊಬ್ಬಳದಾಗಿ ತಿರುಗಿ ಬರುತ್ತದೆ. ಓಣಿಯ ಹೆಂಗಸರೆಲ್ಲ, ನಮ್ಮಲ್ಲಿ ತಾಯಂದಿರು ಮಕ್ಕಳನ್ನು ಕರೆಯುವಂತೆ, ಅವಳನ್ನು ಅವ್ವಾ ಎಂದೇ ಕರೆಯುತ್ತಾರೆ. ಅವ್ವಾ ಬಾ, ಅವ್ವಾ ತಿನ್ನು, ಅವ್ವಾ ಇಲ್ಲೇ ಮಲಗು. ಸಂಜೆ ಯಾವ ಅಂಗಳದಲ್ಲಿ ನಿದ್ದೆ ಬಂತೋ ಅದೇ ಅಂಗಳದ ಚಾಪೆ, ಬೆಳಗ್ಗೆ ಎದ್ದಲ್ಲೇ ತಿಂಡಿ. ಯಾರ ಮಗು ಎಲ್ಲಿದೆಯೆಂದು ಯಾರೂ ಹುಡುಕಿದ್ದು ಅವಳಿಗೆ ನೆನಪಿಲ್ಲ.

ಸಮತರ್‌ನ ಧ್ವನಿ ಎಲ್ಲಿಂದಲೋ ಬಂತು. ಹೋಗಲಿ, ನೆರೆಯವರ ಹೆಸರಾದರೂ ಹೇಳು ಎನ್ನುತ್ತಿದ್ದ. ಹೆಸರುಗಳು! ಇಬಾದೊ ಒಬ್ಬಳ ಹೊರತು ಅವಳಿಗೆ ಎಲ್ಲರೂ ಅತ್ತೆ, ಎಲ್ಲರೂ ಚಿಕ್ಕಮ್ಮ. ಕೈ ತಾನಾಗಿಯೇ ಮೇಲೆದ್ದು ತೊಡೆಯ ಮೇಲೆ ಬಿತ್ತು: ದಬ್. ಸ್ವಲ್ಪ ತಡೆದು, ಮತ್ತೆ: ದಬ್. ಹಿಂದೆಯೇ ಉಸಿರು ಬಿಟ್ಟಂಥ ಒಂದು ಸಣ್ಣ ನರಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ತಿಳಿಯಲಿಲ್ಲ. ಗಂಡಸರು ಮುಖ ಮುಖ ನೋಡಿಕೊಂಡರು. ಹಿರ್ಸಿ, ಹುಡುಗಿಗೆ ಬಿಸಿಲು ಹತ್ತಿತು ಎಂದು ಮೇಲೇಳತೊಡಗಿದ. ಆಗ ಅವಳ ಪಕ್ಕದಲ್ಲಿದ್ದ, ಓಣಿಯ ಕೆಳತುದಿಗೆ ಸೊಸೆಯಾಗಿ ಬಂದಿದ್ದ ಧೂದಿ ಬಾಯಿಗೆ ಸೆರಗು ಅಡ್ಡ ಹಿಡಿದು, ತಡೆಯಲಾರದೆ ನಕ್ಕುಬಿಟ್ಟಳು.

"ಅಯ್ಯೋ ನನ್ನವ್ವಾ, ಅದು ನಮ್ಮತ್ತೆ ಕೈ ಅಲ್ವೇನೇ! ಆ ನರಳೋದೂ ಅವ್ರದ್ದೇ. ಹಿಟ್ಟು ಬಡಿಯೋಕೆ ನಾನಿದ್ರೂ ಬಿಡ್ತಿರ್ಲಿಲ್ಲ, ಬಡಿದು ಸುಸ್ತಾಯ್ತು ಅಂತ ನನ್ನೇ ಬಯ್ತಿದ್ರು."

ಹೆಂಗಸರ ಕಡೆ ಒಂದು ಅಲೆ ಎದ್ದಿತು. ಬೆಳಗಿನ ಲಹೋಹ್ ದೋಸೆಗೆ ಹಿಟ್ಟನ್ನು ಸಂಜೆಯೇ ಕಲಸಿ, ಆಳವಾದ ಪಾತ್ರೆಯಲ್ಲಿ ಬರಿಗೈಯಿಂದ ಬಡಿದು ಬಡಿದು ಹುದುಗಲು ಇಡುವುದು ಮನೆಮನೆಯ ಕೆಲಸ. ಸೂರ್ಯ ಮುಳುಗಿದ ಮಗ್ರಿಬ್ ಹೊತ್ತಿಗೆ ಓಣಿಯ ಕೆಳತುದಿಯಲ್ಲಿ ಒಂದು ಕೈ ಶುರುಮಾಡುತ್ತಿತ್ತು, ಅದನ್ನು ಕೇಳಿ ಮುಂದಿನ ಮನೆ, ಆಮೇಲೆ ಅದರ ಮುಂದಿನದು. ಸದ್ದು ದೀಪ ಹಚ್ಚಿದ ಹಾಗೆ ಮೇಲಕ್ಕೆ ಏರುತ್ತಿತ್ತು. ಆಟ ಮುಗಿಸಿ ಚಾಪೆಗೆ ಬಿದ್ದ ಮಕ್ಕಳಿಗೆ ಅದೇ ಜೋಗುಳ. ಕಲ್ತೂನ್ ಕಣ್ಣು ಮುಚ್ಚಿದಳು. ಎರಡೂ ಕೈ ಈಗ ತೊಡೆಯ ಮೇಲೆ ಗಡಿಬಿಡಿಯಿಂದ ಓಡಿದವು. ಅದು ಹಲ್ವಾದವನ ಹೆಂಡತಿ, ಯಾವಾಗಲೂ ತಡವಾದವಳು, ಎಂದು ಒಬ್ಬಳು ಕೂಗಿದಳು. ಆಮೇಲಿನದರಲ್ಲಿ ಪ್ರತಿ ಬಡಿತಕ್ಕೂ ಕಿಣ್ ಎಂಬ ಸದ್ದು. ಕಲ್ತೂನ್ ಅದನ್ನು ನಾಲಿಗೆಯಿಂದ ಮಾಡಿದಳು. ಉಂಗುರ ತೆಗೆಯದೆ ಹಿಟ್ಟಿಗೆ ಕೈ ಹಾಕುತ್ತಿದ್ದ ಮೇಷ್ಟ್ರ ಹೆಂಡತಿ! ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಆ ಉಂಗುರ ಒಮ್ಮೆ ಹಿಟ್ಟಿನಲ್ಲೇ ಕಳೆದುಹೋಗಿ ಮರುದಿನ ಮೇಷ್ಟ್ರ ಹಲ್ಲಿಗೆ ಸಿಕ್ಕಿದ್ದೂ ನೆನಪಾಯಿತು. ಒಬ್ಬೊಬ್ಬರೂ ತಮ್ಮ ತೊಡೆಯ ಮೇಲೆ, ಕಲ್ಲಿನ ಮೇಲೆ, ಖಾಲಿ ಹಾಲಿನ ಪಾತ್ರೆಯ ಮೇಲೆ ಬಡಿದು ತೋರಿಸತೊಡಗಿದರು. ಹಾಗಲ್ಲ ಹೀಗೆ ಎಂದು ಒಬ್ಬರ ಕೈ ಒಬ್ಬರು ಹಿಡಿದರು. ಸತ್ತವರು ಬರೀ ಸತ್ತವರಾಗಿ ಇಷ್ಟು ವರ್ಷ ದೂರ ನಿಂತಿದ್ದರು. ಈಗ ಒಬ್ಬೊಬ್ಬರಾಗಿ ತೋಳು ಮಡಚಿಕೊಂಡು ಬಂದು ತಮ್ಮ ತಮ್ಮ ಪಾತ್ರೆಯ ಮುಂದೆ ಕೂತರು.

ಗಂಡಸರಿಗೆ ಇದೊಂದೂ ತಿಳಿಯದು. ಸಮತರ್ ತನ್ನ ಪ್ರಸಿದ್ಧ ಕಿವಿಯನ್ನು ಮುಟ್ಟಿಕೊಂಡು, ತಾನೂ ಈ ಓಣಿಯಲ್ಲೇ ಹುಟ್ಟಿದವನು, ಇಂಥದೊಂದನ್ನು ಕೇಳಿಯೇ ಇಲ್ಲವಲ್ಲ ಎಂದ.

"ಹೇಗೆ ಕೇಳ್ತೀರಿ ಮಾವ? ಆ ಹೊತ್ತಲ್ಲಿ ನೀವೆಲ್ಲ ಮಸೀದೀಲಿ ಇದ್ರಿ," ಎಂದಳು ಧೂದಿ. ಸ್ವಲ್ಪ ಬಿಟ್ಟು, "ಹಾಗಂತ ನಮಗೆ ಹೇಳ್ತಿದ್ರಿ," ಎಂದು ಸೇರಿಸಿದಳು.

ಈ ಸಲದ ನಗೆಯಲ್ಲಿ ಕಲ್ತೂನಳೂ ಇದ್ದಳು. ಯಾರೋ ಅವಳ ತಲೆ ಸವರಿ, ಈ ಕತ್ತೆಮರಿ ನಮ್ಮ ಓಣಿಯದೇ ಎಂದರು. ಗುಲೇದ್ ತಲೆ ತಗ್ಗಿಸಿದ. ಅವಳು ಗೆದ್ದಾಗಿತ್ತು. ಇನ್ನು ಉಳಿದಿದ್ದವು ಮೇಲ್ತುದಿಯ ಎರಡೇ ಕೈಗಳು, ಇಬಾದೊಳದು ಮತ್ತು ತಾಯಿಯದು. ಅವನ್ನೂ ಹೇಳಿ ಮುಗಿಸು ಅವ್ವಾ ಎಂದು ಸಮತರ್ ಈಗ ಮಗಳ ಹತ್ತಿರ ಮಾತಾಡುವವನಂತೆ ಹೇಳಿದ. ಅವಳು ಮತ್ತೆ ಕಣ್ಣು ಮುಚ್ಚಿ, ನೆನಪಿನಲ್ಲಿ ಅಂದಿನ ಚಾಪೆಯ ಮೇಲೆ ಮಲಗಿದಳು. ಹಸಿರು ಹೊಸ್ತಿಲಿನ ಒಳಗೆ, ತಲೆಗೆ ಒಂದು ಮೊಳ ದೂರದಲ್ಲಿ, ಪಾತ್ರೆ. ದಬ್ ದಬ್ ದಬ್, ನಡುವೆ ಒಂದು ನಿಲುಗಡೆ, ಮಲಗ್ರೋ ಎಂದು ಒಂದು ಗದರಿಕೆ, ಮತ್ತೆ ದಬ್ ದಬ್. ಹಿಟ್ಟಿನ ಹನಿಯೊಂದು ಸಿಡಿದು ಅವಳ ಕೆನ್ನೆಯ ಮೇಲೆ ಕೂರುತ್ತದೆ, ತಣ್ಣಗೆ. ಒರೆಸಿಕೊಳ್ಳಲೂ ಬೇಸರ, ಅಷ್ಟು ನಿದ್ದೆ. ಇದು ಇಬಾದೊ. ಗದರುತ್ತ ಹಿಟ್ಟು ಬಡಿಯುವವಳು ಓಣಿಯಲ್ಲಿ ಅವಳೊಬ್ಬಳೇ. ಮತ್ತೆ ತಾಯಿ? ಅವಳು ಕಾದಳು. ತಾಯಿಯ ಕೈ ಬಂತು, ಹಗುರವಾಗಿ, ನೀರಿನ ಮೇಲೆ ಬಡಿದ ಹಾಗೆ. ಆದರೆ ದೂರದಿಂದ ಬಂತು. ಗೋಡೆಯ ಆಚೆಯಿಂದ ಬಂತು. ಆಮೇಲೆ ಆ ಕೈ ನಿಂತು, ಸೌಟಿನಿಂದ ಗೋಡೆಗೆ ಟಕ್ ಎಂದು ಒಂದು ಏಟು: ನನ್ನ ಮಗು ಅಲ್ಲಿದೆಯಾ? ಇಬಾದೊ ಹಿಟ್ಟಿನ ಕೈಯಲ್ಲೇ ಸೌಟು ಎತ್ತಿ ಈ ಕಡೆಯಿಂದ ಟಕ್ ಎನ್ನುತ್ತಾಳೆ: ಇದೆ. ಅಷ್ಟೇ. ಎರಡೂ ಕಡೆ ಹಿಟ್ಟಿನ ಸದ್ದು ಮತ್ತೆ ಶುರುವಾಗುತ್ತದೆ, ಆ ಎರಡರ ನಡುವೆ ಮಗು ನಿದ್ದೆಗೆ ಜಾರುತ್ತದೆ.

ಅವಳ ಕೈ ತೊಡೆಯ ಮೇಲೆ ಹಾಗೇ ನಿಂತಿತು. ಧೂದಿಗೆ ತನ್ನ ಭುಜಕ್ಕೆ ತಾಗಿದ ಭುಜ ಕಲ್ಲಾದದ್ದು ತಿಳಿಯಿತು. ಹಸಿರು ಹೊಸ್ತಿಲು ಇಬಾದೊಳದು. ತಾಯಿಯ ಮನೆ ಗೋಡೆಯಾಚೆ, ಈಗ ಆಡುಗಳು ನೀರು ಕುಡಿಯುವ ಗುಂಡಿಯಿರುವಲ್ಲಿ. ಊರಿಗೆ ಬಂದಂದಿನಿಂದ ಅವಳು ಬೈದು, ಅತ್ತು, ಒಂದು ಸಂಸಾರವನ್ನು ಎಬ್ಬಿಸಲು ಹೊರಟಿದ್ದುದು ತನ್ನದಲ್ಲದ ನೆಲದಿಂದ. ಇದು ಅಲ್ಲಿ ಕೂತ ಯಾರಿಗೂ ತಿಳಿಯದು. ಎರಡು ಕೈಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಗದರುವವಳು ಆಚೆ, ಹಗುರ ಕೈಯವಳು ಈಚೆ. ಇಬಾದೊ ಎದ್ದು ಬಂದು ಅಲ್ಲವೆನ್ನುವುದಿಲ್ಲ. ಅವಳು ಹಾಗೆಯೇ ಮಾಡಲು ಬಾಯಿ ತೆರೆದಳು ಕೂಡ. ಆದರೆ ಹಾಗೆ ಮಾಡಿದರೆ ಟಕ್ ಎಂಬ ಆ ಸದ್ದನ್ನು ಎಲ್ಲಿಡುವುದು? ತಾಯಿ ಈಚೆಗಿದ್ದರೆ ತಾಯಿ ಕೇಳುವ ಹಾಗಿಲ್ಲ. ಇಷ್ಟು ವರ್ಷ, ನನ್ನನ್ನು ಯಾರೂ ಹುಡುಕುತ್ತಿರಲಿಲ್ಲ ಎಂದುಕೊಂಡಿದ್ದವಳಿಗೆ, ಪ್ರತಿ ಸಂಜೆ ಒಬ್ಬಳು ಕೆಲಸ ನಿಲ್ಲಿಸಿ ಗೋಡೆ ತಟ್ಟಿ ಕೇಳುತ್ತಿದ್ದಳೆಂಬುದು ಸಿಕ್ಕಿ ಇನ್ನೂ ಕ್ಷಣವಾಗಿರಲಿಲ್ಲ. ನೆಲ ಬೇಕೆಂದರೆ ಅದನ್ನು ಹೂಳಬೇಕು. ಎದೆಯೊಳಗೆ ಏನೋ ಉಕ್ಕಿತು, ಅದು ದುಃಖವಲ್ಲವೆಂದು ಅವಳಿಗೆ ಆಶ್ಚರ್ಯವಾಯಿತು. ನದಿ ಬರುವಾಗ ಮರಳಿನೊಳಗೆ ಕೇಳುವಂಥದೇ ಒಂದು ಗುನುಗು. ಅವಳು ಸೋಲಲು ಓಡುವ ಮಗುವಿನಂತೆ ಮಾತಿಗೆ ಬಿದ್ದಳು.

"ಅಮ್ಮ ಗೋಡೆ ಆಚೆ ಇರ್ತಿದ್ಳು. ನಾನು ಇಬಾದೊ ಚಿಕ್ಕಮ್ಮನ ಹತ್ರ ಮಲಗ್ತಿದ್ದೆ. ಮಗು ಇದ್ಯಾ ಅಂತ ಅಮ್ಮ ಸೌಟಲ್ಲಿ ಗೋಡೆ ತಟ್ತಿದ್ಳು, ಇದೆ ಅಂತ ಚಿಕ್ಕಮ್ಮ ತಟ್ತಿದ್ರು. ಹಸಿರು ಹೊಸ್ತಿಲು ನಮ್ದಲ್ಲ. ನಮ್ದು ಆ ಗುಂಡಿ."

ಹಿರ್ಸಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಗೆಲ್ತಾ ಇದ್ವಲ್ಲೇ," ಎಂದ.

ಆ ಮಾತಿನ ಸಂಕಟ ಎಷ್ಟು ನಿಜವಾಗಿತ್ತೆಂದರೆ ಸಮತರ್‌ಗೇ ಮೊದಲು ನಗು ಬಂತು, ಅವನ ಹಿಂದೆ ಎಲ್ಲರಿಗೂ. ತಾಯಿ ಮಗಳಿಗೆ ಕೆರೆ ಬಿಟ್ಟು ಹೋಗಿದ್ದಾಳೆ, ಸಾಹುಕಾರ್ತಿ, ಇನ್ನು ನಮ್ಮ ಆಡುಗಳು ನಿನ್ನನ್ನು ಕೇಳಿ ನೀರು ಕುಡಿಯಬೇಕು ಎಂದು ಹೆಂಗಸರು ಅವಳನ್ನು ಕೆಣಕಿದರು. ಅವಳೂ, ಹಾಲು ಕೊಡುವ ಆಡಿಗೆ ಮಾತ್ರ ಬಿಡುತ್ತೇನೆ ಎಂದಳು. ಕೂತವರಲ್ಲಿ ನಗದಿದ್ದವಳು ಗುಲೇದನ ಹೆಂಡತಿಯೊಬ್ಬಳೇ. ಇಷ್ಟು ಹೊತ್ತು ಕೊನೆಯ ಕಲ್ಲಿನ ಮೇಲೆ ಮುಖ ತಿರುಗಿಸಿ ಕೂತಿದ್ದವಳು ಎದ್ದು ಬಂದು ಕಲ್ತೂನಳ ಎದುರು ಮೊಣಕಾಲೂರಿದಳು. ಬೈಯಲು ಬಂದಳೆಂದು ಧೂದಿ ಅಡ್ಡ ಕೈ ಚಾಚಿದಳಂತೆ.

"ಆ ಇಬಾದೊ ಅನ್ನೋರು ಹೇಗೆ ಬಡೀತಿದ್ರು, ಇನ್ನೊಂದ್ಸಲ ತೋರ್ಸಮ್ಮ," ಎಂದಳು ಅವಳು. "ನಾನು ದಿನಾ ಅಲ್ಲೇ ಹಿಟ್ಟು ಕಲಸೋದು. ಯಾರ ಜಾಗ ಅಂತ ಗೊತ್ತಿಲ್ದೆ ಹೆದರ್ಕೊಂಡು, ಸದ್ದಾಗದ ಹಾಗೆ ಕಲಸ್ತೀನಿ. ಉಬ್ಬೋದೇ ಇಲ್ಲ."

ಕಲ್ತೂನ್ ಅವಳ ಕೈಯನ್ನೇ ಹಿಡಿದು ತನ್ನ ತೊಡೆಯ ಮೇಲೆ ಬಡಿದು ತೋರಿಸಿದಳು. ಗದರಿಕೆಯೂ ಮುಖ್ಯ, ಅದಿಲ್ಲದೆ ಉಬ್ಬುವುದಿಲ್ಲ ಎಂದಳು. ಹಿರಿಯರ ತೀರ್ಮಾನಕ್ಕೆ ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಬಾದೊಳ ಕಡೆಯವರು ಯಾರಾದರೂ ಬಂದು ಕೇಳುವ ತನಕ ಗುಲೇದ್ ಅಲ್ಲೇ ಇರಬೇಕು, ಗುಂಡಿ ಕಲ್ತೂನಳದು, ಗುಂಡಿಯಲ್ಲಿ ಮನೆ ಕಟ್ಟಲಾಗದ್ದರಿಂದ ಅದನ್ನು ತುಂಬುವುದು ಓಣಿಯ ಕೆಲಸ, ಮೊದಲ ಕಲ್ಲು ಗುಲೇದನದು. ತುಂಬಲು ಮಣ್ಣೆಲ್ಲಿ ಎಂದು ಒಬ್ಬನು ಕೇಳಿದ್ದಕ್ಕೆ ಸಮತರ್ ಸುತ್ತಲೂ ಕೈ ತೋರಿಸಿದ. ಎಲ್ಲರ ಮನೆಯಲ್ಲೂ ಮುರಿದ ಗೋಡೆ ಬೇಕಾದಷ್ಟಿತ್ತು.

ಮಗ್ರಿಬ್ ಬಾಂಗು ಕೇಳಿತು. ಜನ ಚಾಪೆ ಸುತ್ತಿಕೊಂಡು, ಲೋಟ ಕೊಡವಿಕೊಂಡು ಎದ್ದರು. ಬಹಳ ಕಾಲದಿಂದ ಅವರು ಆ ಬಯಲನ್ನು ಆಡುಗಳ ಹಾಗೆಯೇ ನೇರವಾಗಿ ದಾಟಿಕೊಂಡು ಮನೆಗೆ ಹೋಗುತ್ತಿದ್ದರು. ಆ ಸಂಜೆ ಮಾತ್ರ ಹಾಗೆ ಹೋದವರಿಲ್ಲ ಎನ್ನುತ್ತಾಳೆ ಧೂದಿ. ಹಲ್ವಾದವನ ಗೋಡೆಯಿದ್ದಲ್ಲಿ ಎಲ್ಲರೂ ಬಳಸಿ ನಡೆದರು. ಮೇಷ್ಟ್ರ ಮನೆಯ ಮೂಲೆಯಿದ್ದಲ್ಲಿ ಎದುರಿನಿಂದ ಬಂದವರಿಗೆ ಒಬ್ಬೊಬ್ಬರಾಗಿ ದಾರಿ ಬಿಟ್ಟು ನಿಂತರು. ಎಲ್ಲರಿಗಿಂತ ಎತ್ತರದವನಾದ ಸಮತರ್ ತನ್ನ ಮನೆಯ ಜಾಗಕ್ಕೆ ಬಂದಾಗ, ಬರೀ ಗಾಳಿಯಲ್ಲಿ, ಬಾಗಿಲ ಮೇಲ್ಚೌಕಟ್ಟು ತಲೆಗೆ ತಾಗದ ಹಾಗೆ ಬಗ್ಗಿ ಒಳಗೆ ಹೋದ.